ಹೆಂಗಸರ ಹೆದರಿಕೆ ಹೊಸ ಪರೀಕ್ಷೆಯದಲ್ಲ, ಅದರ ನಂತರದ್ದು: ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಕುರಿತು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಇಲಾಖೆಯ ಆಯುಕ್ತರಿಗೆ ಹಾಗೂ ಎಲ್ಲ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ನಮಸ್ಕಾರ.

ಗರ್ಭಕೊರಳಿನ ಕ್ಯಾನ್ಸರನ್ನು ಮೊದಲೇ ಪತ್ತೆ ಹಚ್ಚಲು, ಅದಕ್ಕೆ ಕಾರಣವಾಗುವ ಎಚ್‌ಪಿವಿ ಎಂಬ ವೈರಸ್ ಇದೆಯೇ ಎಂದು ನೋಡುವ ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಬಂದಿದೆ. ಅದಕ್ಕೆ ಬೇಕಾದ ಮಾದರಿಯನ್ನು ಮಹಿಳೆ ತಾನೇ, ಬಾಗಿಲು ಹಾಕಿಕೊಂಡು, ಎರಡು ನಿಮಿಷದಲ್ಲಿ ತೆಗೆದುಕೊಡಬಹುದು. ಈ ವಿಧಾನ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರಬೇಕು ಎಂದು ನಾವು ಬಯಸುತ್ತೇವೆ. ಮಾತು ಇಲ್ಲಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಹೇಳುತ್ತಾರೆ: "ನಮ್ಮ ಹಳ್ಳಿಯ ಹೆಂಗಸರು ಇದಕ್ಕೆಲ್ಲ ಒಪ್ಪುವುದಿಲ್ಲ, ತಿಳಿವಳಿಕೆ ಸಾಲದು." ಚರ್ಚೆ ಅಲ್ಲಿಗೆ ನಿಲ್ಲುತ್ತದೆ. ಈ ಮಾತು ತಪ್ಪು ಎನ್ನುವುದಕ್ಕೆ ಸಾಕಷ್ಟು ಆಧಾರವಿದೆ. ಆ ತಪ್ಪಿನ ಮೇಲೆ ಯೋಜನೆ ಕಟ್ಟಿದರೆ ಹೊಸ ಯಂತ್ರಗಳೂ ಮೂಲೆ ಸೇರುತ್ತವೆ. ಅದಕ್ಕಾಗಿ ಈ ಪತ್ರ.

ಮೊದಲು ಲೆಕ್ಕ. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷಕ್ಕೆ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತು, ಹತ್ತಿರ ಹತ್ತಿರ 80 ಸಾವಿರ ಮಂದಿ ತೀರಿಕೊಂಡರು. 30 ದಾಟಿದ ಎಲ್ಲರಿಗೂ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡಬೇಕೆಂಬ ಕೇಂದ್ರದ ಮಾರ್ಗಸೂಚಿ 2016ರಲ್ಲೇ ಬಂದಿದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಮಹಿಳೆಯರ ಪೈಕಿ ಒಮ್ಮೆಯಾದರೂ ಗರ್ಭಕೊರಳಿನ ತಪಾಸಣೆ ಆದವರು ದೇಶದಲ್ಲಿ ಶೇ 1.9 ಮಾತ್ರ. ಉಳಿದ ಶೇ 98 ಮಂದಿ ಬೇಡ ಎಂದವರು ಎಂದು ಓದಿಕೊಳ್ಳುವುದು ಅನ್ಯಾಯ. ಅವರಲ್ಲಿ ಬಹುಪಾಲು ಮಂದಿಯನ್ನು ಯಾರೂ ಕರೆದೇ ಇಲ್ಲ.

ಕರೆದಲ್ಲಿ ಏನಾಯಿತು ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಬೀದರ್, ಕಲಬುರಗಿಗಳ ಗಡಿಗೆ ತಾಗಿಕೊಂಡಿರುವ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗಿನ ಧಾರಾಶಿವದಲ್ಲಿ, 30ರಿಂದ 59 ವರ್ಷದ 1,31,746 ಮಹಿಳೆಯರನ್ನು ಸೇರಿಸಿಕೊಂಡ ದೊಡ್ಡ ಅಧ್ಯಯನ ನಡೆಯಿತು. ಬಿಸಿಲು, ಬರ, ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳು, ಎಲ್ಲವೂ ನಮ್ಮ ಕಡೆಯಂತೆಯೇ. ತಪಾಸಣೆಗೆ ಕರೆದವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಬಂದರು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎಚ್‌ಪಿವಿ ಪರೀಕ್ಷೆಯನ್ನು ಒಂದೇ ಒಂದು ಸಲ ನೀಡಿದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು.

ಈಗ ನಮ್ಮ ಉಪಕೇಂದ್ರಗಳಲ್ಲಿ ಇರುವುದು ವಿಐಎ. ಗರ್ಭಕೊರಳಿಗೆ ಶೇ 3ರಿಂದ 5ರಷ್ಟು ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಮಚ್ಚೆ ಏಳುತ್ತದೆಯೇ ಎಂದು ಬರಿಗಣ್ಣಿನಲ್ಲಿ ನೋಡುವ ವಿಧಾನ. ಅದನ್ನು ನಾವು ತಳ್ಳಿಹಾಕುವುದಿಲ್ಲ. ಮುಂಬಯಿಯಲ್ಲಿ ಸುಮಾರು 1.5 ಲಕ್ಷ ಮಹಿಳೆಯರ ನಡುವೆ ಆರೋಗ್ಯ ಕಾರ್ಯಕರ್ತೆಯರೇ ಎರಡು ವರ್ಷಕ್ಕೊಮ್ಮೆ ವಿಐಎ ಮಾಡಿದಾಗ ಸಾವು ಶೇ 31ರಷ್ಟು ತಗ್ಗಿತ್ತು. ಆದರೆ ಅಲ್ಲಿ ತರಬೇತಿ ಗಟ್ಟಿಯಾಗಿತ್ತು, ಮೇಲ್ವಿಚಾರಣೆ ನಿರಂತರವಾಗಿತ್ತು. ಸಾಮಾನ್ಯ ಉಪಕೇಂದ್ರದಲ್ಲಿ ವಿಐಎ ಕೆಡುವುದು ಸಣ್ಣ ಸಣ್ಣ ಕಡೆ. ಬಾಟಲಿಯ ದ್ರಾವಣ ಹಳೆಯದಾಗಿ ಸತ್ವ ಕಳೆದುಕೊಂಡಿರುತ್ತದೆ. ಗಟ್ಟಿ ಆಮ್ಲ 5 ಮಿ.ಲೀ.ಗೆ 95 ಮಿ.ಲೀ. ಶುದ್ಧೀಕರಿಸಿದ ನೀರು ಬೆರೆಸಬೇಕಾದಲ್ಲಿ ಅಳತೆ ತಪ್ಪಿ ಮಹಿಳೆಗೆ ಉರಿಯಾಗುತ್ತದೆ. ಪೂರ್ತಿ ಒಂದು ನಿಮಿಷ ಕಾಯುವುದಿಲ್ಲ. ಕರೆಂಟು ಹೋದಾಗ ಮೊಬೈಲ್ ಬೆಳಕಿನಲ್ಲಿ ನೋಡುತ್ತಾರೆ. ಮಂಚಕ್ಕೆ ಪರದೆ ಇರುವುದಿಲ್ಲ, ಕಿಟಕಿಯಾಚೆ ಜನ ಇರುತ್ತಾರೆ. 50 ದಾಟಿದವರಲ್ಲಂತೂ ನೋಡಬೇಕಾದ ಭಾಗವೇ ಒಳಗೆ ಸರಿದಿರುವುದರಿಂದ ವಿಐಎ ನೆಚ್ಚುವಂತಿಲ್ಲ. ಇಂಥ ಮಂಚದ ಮೇಲೆ ಮಲಗಲು ಹಿಂಜರಿಯುವ ಮಹಿಳೆಗೆ ತಿಳಿವಳಿಕೆ ಸಾಲದು ಎನ್ನಲು ನಮಗೆ ಹಕ್ಕಿಲ್ಲ.

ಆದ್ದರಿಂದಲೇ ತಾನೇ ಮಾದರಿ ತೆಗೆಯುವ ವಿಧಾನ ದೊಡ್ಡ ಬದಲಾವಣೆ. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನೇ ಮೊದಲ ಆಯ್ಕೆ ಮಾಡಿ, 30ರಿಂದ ಆರಂಭಿಸಿ 5ರಿಂದ 10 ವರ್ಷಕ್ಕೊಮ್ಮೆ ಮಾಡಿದರೆ ಸಾಕು ಎಂದಿತು. ಎಚ್‌ಐವಿ ಇರುವವರಿಗೆ 25ರಿಂದ, 3ರಿಂದ 5 ವರ್ಷಕ್ಕೊಮ್ಮೆ. ಆಸ್ಟ್ರೇಲಿಯಾ 2022ರ ಜುಲೈಯಿಂದ ತಪಾಸಣೆಗೆ ಬರುವ ಪ್ರತಿ ಮಹಿಳೆಗೂ ಈ ಆಯ್ಕೆ ಕೊಟ್ಟಿದೆ.

ವಿಧಾನ ಸರಳ, ಆದರೆ ಹೇಳಿಕೊಡುವ ರೀತಿ ಮುಖ್ಯ. ಮುಟ್ಟಿನ ದಿನಗಳಲ್ಲಿ ಬೇಡ. ಒಳಗೆ ಇಡುವ ಮಾತ್ರೆ, ಮುಲಾಮು ಬಳಸುತ್ತಿದ್ದರೆ ಎರಡು ದಿನ ಬಿಟ್ಟು ಬರಬೇಕು. ಕೈ ತೊಳೆದು, ಕುಕ್ಕರುಗಾಲಿನಲ್ಲಿ ಕುಳಿತೋ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟೋ, ಮೃದುವಾದ ಕಡ್ಡಿಯನ್ನು ಯೋನಿಯೊಳಗೆ ಸುಮಾರು 5 ಸೆಂ.ಮೀ. ನಿಧಾನವಾಗಿ ಸೇರಿಸಿ, ಕಿಟ್‌ನಲ್ಲಿ ಹೇಳಿದಷ್ಟು ಸುತ್ತು ತಿರುಗಿಸಿ, ಬೇರೆಲ್ಲೂ ತಾಗಿಸದೆ ಕೊಳವೆಗೆ ಹಾಕಿ ಮುಚ್ಚಬೇಕು. ಗರ್ಭಕೊರಳನ್ನೇ ಮುಟ್ಟಬೇಕೆಂದಿಲ್ಲ, ಅಲ್ಲಿಂದ ಉದುರಿದ ಕೋಶಗಳು ಸಿಕ್ಕರೆ ಸಾಕು. ಮಹಿಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೂರು: ಕಡ್ಡಿ ಒಳಗೆ ಸಿಕ್ಕಿಕೊಂಡರೆ? ಕಾಪರ್ ಟಿ ಇದ್ದರೆ? ನಾನು ತೆಗೆದದ್ದು ಸರಿಯಾಗಿಲ್ಲದಿದ್ದರೆ? ಮೊದಲೆರಡಕ್ಕೆ ಉತ್ತರ ನೇರ. ಯೋನಿ ಮೇಲ್ಗಡೆ ಮುಚ್ಚಿದ ಚೀಲದಂತಿರುವುದರಿಂದ ಕಡ್ಡಿ ಹೊಟ್ಟೆಯೊಳಗೆ ಹೋಗಲಾರದು. ಕಾಪರ್ ಟಿ ಗರ್ಭಕೋಶದ ಒಳಗಿರುತ್ತದೆ, ಅಡ್ಡಿಯಿಲ್ಲ. ಮೂರನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಇಲಾಖೆಯವರು.

ಏಕೆಂದರೆ ಅದು ಖರೀದಿಯ ಪ್ರಶ್ನೆ. ಮಹಿಳೆ ತೆಗೆದ ಮಾದರಿಯಲ್ಲಿ, ವೈರಸ್ಸಿನ ಡಿಎನ್‌ಎಯನ್ನು ವೃದ್ಧಿಸಿ ನೋಡುವ ಪಿಸಿಆರ್ ಆಧಾರಿತ ಪರೀಕ್ಷೆಗಳು ವೈದ್ಯರು ತೆಗೆದ ಮಾದರಿಯಷ್ಟೇ ಚೆನ್ನಾಗಿ ಕೆಲಸ ಮಾಡುತ್ತವೆ. ಡಿಎನ್‌ಎಯನ್ನು ವೃದ್ಧಿಸದೆ ಸಂಕೇತವನ್ನಷ್ಟೇ ಹೆಚ್ಚಿಸುವ ಹಳೆಯ ಬಗೆಯವು ಅಲ್ಲಿ ಹಿಂದೆ ಬೀಳುತ್ತವೆ. ಟೆಂಡರಿನಲ್ಲಿ ಈ ವ್ಯತ್ಯಾಸವನ್ನು ಬರೆಯದಿದ್ದರೆ ಕಡಿಮೆ ಬೆಲೆಯದ್ದು ಗೆಲ್ಲುತ್ತದೆ. ಇನ್ನೊಂದು ಷರತ್ತು ಇದಕ್ಕಿಂತಲೂ ಮುಖ್ಯ. ಮಾದರಿಯಲ್ಲಿ ಮನುಷ್ಯ ಕೋಶ ಇದೆಯೇ ಎಂದು ಪರೀಕ್ಷೆಯೇ ನೋಡಿಕೊಳ್ಳುವ ವ್ಯವಸ್ಥೆ ಇರಬೇಕು. ಅದಿಲ್ಲದ ಕಿಟ್‌ಗೆ ಬರೀ ಕಡ್ಡಿ ಹಾಕಿದರೂ "ನೆಗೆಟಿವ್" ಎಂದೇ ಬರುತ್ತದೆ, ಆ ಮಹಿಳೆ ಐದು ವರ್ಷ ನಿಶ್ಚಿಂತೆಯಿಂದ ಇದ್ದುಬಿಡುತ್ತಾಳೆ.

ಯಂತ್ರದ ಬಗ್ಗೆಯೂ ಒಂದು ಮಾತು. ಕ್ಷಯ ಪತ್ತೆಗೆ ಬಳಸುವ ಟ್ರೂನ್ಯಾಟ್ ಯಂತ್ರಗಳಲ್ಲಿ ಎಚ್‌ಪಿವಿ ಚಿಪ್ ಹಾಕಿ ಪರೀಕ್ಷಿಸಬಹುದು, ಹೊಸ ಪ್ರಯೋಗಾಲಯ ಕಟ್ಟಬೇಕಿಲ್ಲ. ಇದು ಒಳ್ಳೆಯ ದಾರಿ. ಆದರೆ ಒಂದು ಮಾದರಿಗೆ ಒಂದು ಗಂಟೆಯ ಆಸುಪಾಸು ಬೇಕು. ಯಂತ್ರದ ಗಾತ್ರಕ್ಕೆ ತಕ್ಕಂತೆ ಒಂದು ಸಲಕ್ಕೆ ಹಿಡಿಯುವುದು ಒಂದು, ಎರಡು ಅಥವಾ ನಾಲ್ಕು ಮಾದರಿ. ಕಫದ ಮಾದರಿಗಳಿಗೆ ಮೊದಲ ಸರದಿ, ಅದು ಹಾಗೆಯೇ ಇರಬೇಕು. ಶಿಬಿರದಲ್ಲಿ ಒಂದೇ ದಿನ 200 ಮಾದರಿ ಸಂಗ್ರಹಿಸಿ ಇಂಥ ಒಂದು ಯಂತ್ರಕ್ಕೆ ಕಳುಹಿಸಿದರೆ ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕು. ದಿನಕ್ಕೆ ಎಂಟು ಹತ್ತು ಮಾದರಿ, ವಾರದಲ್ಲಿ ನಾಲ್ಕು ದಿನ ಎಂದು ಹಂಚಿಕೊಂಡರೆ ಅದೇ ಯಂತ್ರ ವರ್ಷಪೂರ್ತಿ ದುಡಿಯುತ್ತದೆ. ಉದ್ಘಾಟನೆಯ ಫೋಟೋಗೆ ಶಿಬಿರ ಚೆಂದ, ತಪಾಸಣೆಗೆ ಅಲ್ಲ.

ಇನ್ನು ಹೆದರಿಕೆಯ ಮೂಲಕ್ಕೆ ಬರೋಣ. ಕಲಬುರಗಿ, ಹಾವೇರಿ ಜಿಲ್ಲೆಗಳಲ್ಲಿ ಬಡ ಹೆಂಗಸರ, ಅದರಲ್ಲೂ ದಲಿತ ಮತ್ತು ಲಂಬಾಣಿ ಹೆಂಗಸರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆದ ಪ್ರಕರಣಗಳು ಹೊರಬಂದದ್ದು, ಅದರ ವಿರುದ್ಧ ಮಹಿಳೆಯರೇ ಬೀದಿಗಿಳಿದದ್ದು ಇಲಾಖೆಗೆ ಗೊತ್ತಿರುವ ಸಂಗತಿ. ಬಿಳಿಸೆರಗು, ಸೊಂಟನೋವು ಎಂದು ಬಂದವರಿಗೆ "ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ" ಎಂದು ಹೆದರಿಸಲಾಗಿತ್ತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಜಾರಿಗೊಳಿಸಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಬೇಕಾಯಿತು. ಆ ಊರುಗಳಲ್ಲಿ ಇಂದು ಆಶಾ ಕಾರ್ಯಕರ್ತೆ "ಕ್ಯಾನ್ಸರ್ ಪರೀಕ್ಷೆ" ಎಂದೊಡನೆ ಅತ್ತೆ ಸೊಸೆಯರಿಬ್ಬರೂ ಬಾಗಿಲು ಹಾಕಿಕೊಂಡರೆ ಅದು ಮೌಢ್ಯವಲ್ಲ, ಅನುಭವ. ಪರೀಕ್ಷೆ ಯಾವ ಯಂತ್ರದಲ್ಲಿ ನಡೆಯುತ್ತದೆ ಎಂದು ಅವರು ಕೇಳುವುದಿಲ್ಲ. ಕೊನೆಗೆ ನನ್ನ ಗರ್ಭಕೋಶ ಉಳಿಯುತ್ತದೆಯೇ ಎಂದು ಕೇಳುತ್ತಾರೆ.

ಈ ಪ್ರಶ್ನೆಗೆ ನಮ್ಮಲ್ಲಿ ಒಳ್ಳೆಯ ಉತ್ತರವಿದೆ, ಅದನ್ನು ಮೊದಲ ಭೇಟಿಯಲ್ಲೇ ಹೇಳುತ್ತಿಲ್ಲ ಅಷ್ಟೆ. ಉಸ್ಮಾನಾಬಾದ್‌ನಲ್ಲಿ ನೂರಕ್ಕೆ ಹತ್ತು ಮಂದಿಯಲ್ಲಿ ಎಚ್‌ಪಿವಿ ಕಂಡಿತ್ತು. ಅವರಲ್ಲಿ ಬಹುತೇಕರಿಗೆ ಕ್ಯಾನ್ಸರ್ ಇರಲಿಲ್ಲ, ಅದರ ಪೂರ್ವಸ್ಥಿತಿಯೂ ಇರಲಿಲ್ಲ. ಈ ಸೋಂಕು ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಹೋಗದೆ ಉಳಿದರೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷ ಬೇಕು. ಪೂರ್ವಸ್ಥಿತಿಯ ಮಚ್ಚೆ ಕಂಡರೆ, ಅದು ಪೂರ್ತಿ ಕಣ್ಣಿಗೆ ಬೀಳುವಂತಿದ್ದು, ಗರ್ಭಕೊರಳಿನ ಕಾಲುವೆಯೊಳಗೆ ಹಬ್ಬದೆ, ಗರ್ಭಕೊರಳಿನ ಹೊರಮೈಯ ಮುಕ್ಕಾಲು ಭಾಗ ಮೀರದಿದ್ದರೆ, ಕೈಯಲ್ಲಿ ಹಿಡಿಯುವ ಬ್ಯಾಟರಿ ಉಪಕರಣದಿಂದ 100 ಡಿಗ್ರಿ ಶಾಖವನ್ನು 20ರಿಂದ 30 ಸೆಕೆಂಡು ತಾಗಿಸಿ ಆ ಪದರವನ್ನು ಸುಟ್ಟುಬಿಡಬಹುದು. ಹೊಟ್ಟೆ ಹಿಂಡಿದಂತೆ ಸ್ವಲ್ಪ ನೋವಾಗುತ್ತದೆ. ಕೆಲವು ವಾರ ನೀರಿನಂತೆ ಸ್ರಾವ ಇರುತ್ತದೆ. ನಾಲ್ಕು ವಾರ ದೈಹಿಕ ಸಂಬಂಧ ಬೇಡ. ಗರ್ಭಕೋಶಕ್ಕೆ ಏನೂ ಆಗುವುದಿಲ್ಲ, ಮುಟ್ಟು ನಿಲ್ಲುವುದಿಲ್ಲ. ಮಚ್ಚೆ ಇದಕ್ಕಿಂತ ದೊಡ್ಡದಿದ್ದರೆ, ಒಳಕ್ಕೆ ಹೋಗಿದ್ದರೆ, ಕ್ಯಾನ್ಸರಿನ ಅನುಮಾನವಿದ್ದರೆ ಶಾಖ ಕೊಡಬಾರದು, ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು. ಈ ಗೆರೆ ಯಾವ ಕಾರಣಕ್ಕೂ ಸಡಿಲವಾಗಬಾರದು.

"ಎಚ್‌ಪಿವಿ ಬಂದ ಮಾತ್ರಕ್ಕೆ ಗರ್ಭಕೋಶ ತೆಗೆಯುವುದಿಲ್ಲ. ಯಾರಾದರೂ ತೆಗೆಸಿ ಎಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು." ಈ ಎರಡು ವಾಕ್ಯಗಳನ್ನು ಇಲಾಖೆಯ ಮುದ್ರೆಯೊಂದಿಗೆ ಮಾದರಿ ಕಿಟ್‌ನ ಮೇಲೆಯೇ ಅಚ್ಚು ಹಾಕಿಸಿ. ಯಾವ ಜಾಗೃತಿ ಜಾಥಾಕ್ಕಿಂತಲೂ ಇದು ಹೆಚ್ಚು ಕೆಲಸ ಮಾಡುತ್ತದೆ ಎಂದು ನಾವು ದೃಢವಾಗಿ ನಂಬಿದ್ದೇವೆ.

ಎರಡನೆಯ ಹೆದರಿಕೆ ಮಾನದ್ದು. ಎಚ್‌ಪಿವಿ ದೈಹಿಕ ಸಂಪರ್ಕದಿಂದ ಹರಡುವ ವೈರಸ್. ಫಲಿತಾಂಶ ಎಸ್‌ಎಂಎಸ್ ಮೂಲಕ ಹೋದರೆ ಅದು ತಲುಪುವುದು ಎಷ್ಟೋ ಮನೆಗಳಲ್ಲಿ ಗಂಡನ ಅಥವಾ ಮಗನ ಫೋನಿಗೆ. ಅದನ್ನು ಓದಿದವರು ಮೊದಲು ಕೇಳುವುದು "ಇದು ಎಲ್ಲಿಂದ ಬಂತು" ಎಂದು. ವೈರಸ್ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಕಾಣಿಸಬಹುದು, ಯಾರಿಂದ ಯಾವಾಗ ಬಂತೆಂದು ಯಾವ ಪರೀಕ್ಷೆಯೂ ಹೇಳಲಾರದು, ಮದುವೆಯಾದ ಹೆಚ್ಚಿನವರು ಜೀವನದಲ್ಲಿ ಒಮ್ಮೆ ಇದನ್ನು ಪಡೆದೇ ಇರುತ್ತಾರೆ. ಇದನ್ನು ಮಾದರಿ ತೆಗೆಯುವ ಮೊದಲೇ ಹೇಳಬೇಕು, ಪಾಸಿಟಿವ್ ಬಂದ ಮೇಲೆ ಹೇಳಿದರೆ ಸಮಾಧಾನದ ಮಾತಿನಂತೆ ಕೇಳಿಸುತ್ತದೆ. ನೋಂದಣಿಯಲ್ಲಿ "ಫಲಿತಾಂಶವನ್ನು ಹೇಗೆ ತಿಳಿಸಬೇಕು?" ಎಂಬ ಒಂದು ಕಾಲಂ ಸೇರಿಸಿ. ನೇರವಾಗಿ ಉಪಕೇಂದ್ರದಲ್ಲಿ, ತನ್ನದೇ ಫೋನಿಗೆ ಕರೆ, ಅಥವಾ ತಾನು ಹೆಸರಿಸಿದವರ ಮೂಲಕ. ಸಂದೇಶ ಕಳುಹಿಸಲೇಬೇಕಾದರೆ "ಉಪಕೇಂದ್ರಕ್ಕೆ ಬನ್ನಿ" ಎಂದಷ್ಟೇ ಇರಲಿ. ಆಶಾ ಅದೇ ಓಣಿಯವರು, ಒಮ್ಮೊಮ್ಮೆ ಅದೇ ಮನೆತನದವರು. ಫಲಿತಾಂಶ ಅವರ ಕೈಗೆ ಹೋಗದೆ ಸಮುದಾಯ ಆರೋಗ್ಯ ಅಧಿಕಾರಿಯ ಬಳಿ ಉಳಿಯುವುದು ಇಬ್ಬರಿಗೂ ಕ್ಷೇಮ. ಶಾಖ ಚಿಕಿತ್ಸೆಯ ಬಳಿಕದ ನಾಲ್ಕು ವಾರದ ಮಾತನ್ನು ಮಾತ್ರ, ಮಹಿಳೆ ಒಪ್ಪಿದರೆ, ಗಂಡನಿಗೆ ಆರೋಗ್ಯ ಸಿಬ್ಬಂದಿಯೇ ಹೇಳಬೇಕು. ಆ ಹೊರೆಯನ್ನು ಅವಳೊಬ್ಬಳ ಮೇಲೆ ಬಿಡುವುದು ಸರಿಯಲ್ಲ.

ನೆಗೆಟಿವ್ ಬಂದವರನ್ನೂ ಮರೆಯಬೇಡಿ. ಇಷ್ಟು ದೀರ್ಘ ಅಂತರ ಯಾಕೆ ಎಂದು ವಿವರಿಸದಿದ್ದರೆ ಜನ ಅದನ್ನು ಖರ್ಚು ಉಳಿಸುವ ತಂತ್ರವೆಂದೇ ತಿಳಿಯುತ್ತಾರೆ. ಆಸ್ಟ್ರೇಲಿಯಾ 2017ರಲ್ಲಿ ಗರ್ಭಕೊರಳಿನ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಎರಡು ವರ್ಷದ ಪ್ಯಾಪ್ ಪರೀಕ್ಷೆಯಿಂದ ಐದು ವರ್ಷದ ಎಚ್‌ಪಿವಿ ಪರೀಕ್ಷೆಗೆ ಬದಲಾಗುವಾಗ ಅದರ ವಿರುದ್ಧ 70 ಸಾವಿರಕ್ಕೂ ಹೆಚ್ಚು ಸಹಿ ಬಿದ್ದವು. 2022ರ ಜನವರಿಯಲ್ಲಿ ವೇಲ್ಸ್ ಮೂರು ವರ್ಷದ ಅಂತರವನ್ನು ಐದಕ್ಕೆ ಏರಿಸಿದಾಗ ಹತ್ತು ಲಕ್ಷಕ್ಕೂ ಮೀರಿ ಜನ ಆನ್‌ಲೈನ್ ಮನವಿಗೆ ಸಹಿ ಹಾಕಿದರು, ಸರಿಯಾಗಿ ವಿವರಿಸಲಿಲ್ಲವೆಂದು ಅಲ್ಲಿನ ಆರೋಗ್ಯ ಸಂಸ್ಥೆ ಕ್ಷಮೆ ಕೇಳಿತು. ಎರಡೂ ಕಡೆ ವಿಜ್ಞಾನ ಸರಿಯಾಗಿಯೇ ಇತ್ತು. ಉಸ್ಮಾನಾಬಾದ್‌ನಲ್ಲೂ ವಿಐಎ ಅಥವಾ ಪ್ಯಾಪ್ ನೆಗೆಟಿವ್ ಬಂದವರಲ್ಲಿ ಮುಂದೆ ಕ್ಯಾನ್ಸರ್ ಕಾಣಿಸಿದ ಪ್ರಮಾಣ ಎಚ್‌ಪಿವಿ ನೆಗೆಟಿವ್ ಬಂದವರಿಗಿಂತ ನಾಲ್ಕು ಪಟ್ಟು ಮೀರಿತ್ತು. ಐದು ವರ್ಷ ಕಾಯಬಹುದು ಎನ್ನುವ ಧೈರ್ಯ ಬರುವುದು ಇಲ್ಲಿಂದ. ಜೊತೆಗೆ ಒಂದು ಎಚ್ಚರಿಕೆ: ಈ ಐದು ವರ್ಷದ ನಡುವೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಸಂಪರ್ಕದ ಬಳಿಕ ರಕ್ತ ಬಂದರೆ, ವಾಸನೆಯ ಸ್ರಾವವಿದ್ದರೆ ನೆಗೆಟಿವ್ ಚೀಟಿ ಹಿಡಿದು ಮನೆಯಲ್ಲಿ ಕೂರಬಾರದು.

ನಗರದ ಕಡೆಯ ಮನೋಭಾವ ಇದಕ್ಕೆ ತದ್ವಿರುದ್ಧ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಕಂಪನಿಗಳ ಆರೋಗ್ಯ ಶಿಬಿರಗಳಲ್ಲಿ "ಒಂದು ರಕ್ತ ಪರೀಕ್ಷೆಯಲ್ಲಿ ಹತ್ತಾರು ಕ್ಯಾನ್ಸರ್ ಪತ್ತೆ", "ಮುಟ್ಟದೆ, ನೋವಿಲ್ಲದೆ ಸ್ತನ ಕ್ಯಾನ್ಸರ್ ಪತ್ತೆ" ಎಂಬ ಪ್ಯಾಕೇಜುಗಳಿಗೆ ಜನ ಸಾವಿರಾರು ರೂಪಾಯಿ ಕೊಡುತ್ತಿದ್ದಾರೆ. ಇವರಿಗೂ ಪರೀಕ್ಷೆಯ ನಂತರದ್ದನ್ನು ಯಾರೂ ಹೇಳಿರುವುದಿಲ್ಲ. ಅಮೆರಿಕದಲ್ಲಿ ಬಹು ಕ್ಯಾನ್ಸರ್ ರಕ್ತ ಪರೀಕ್ಷೆಯೊಂದರ ಮೇಲೆ 6,600ಕ್ಕೂ ಹೆಚ್ಚು ಜನರಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 92 ಮಂದಿಗೆ ಕ್ಯಾನ್ಸರ್ ಸೂಚನೆ ಬಂತು, ಅವರಲ್ಲಿ ನಿಜವಾಗಿ ಕ್ಯಾನ್ಸರ್ ಇದ್ದದ್ದು 35 ಮಂದಿಗೆ. ಉಳಿದವರಿಗೆ "ಇಲ್ಲ" ಎಂದು ಖಚಿತವಾಗಲು ಸ್ಕ್ಯಾನ್ ಮೇಲೆ ಸ್ಕ್ಯಾನ್ ಆಗಿ ಹಿಡಿದ ಮಧ್ಯಕ ಅವಧಿ 162 ದಿನ. "ಮುಟ್ಟದೆ" ಸ್ತನದ ಶಾಖವನ್ನು ಕ್ಯಾಮೆರಾದಲ್ಲಿ ಹಿಡಿಯುವ ಉಷ್ಣಚಿತ್ರಣದ ವಿಷಯದಲ್ಲಿ, ಅದು ಸ್ತನದ ಎಕ್ಸ್‌ರೇಯಾದ ಮ್ಯಾಮೊಗ್ರಾಮ್‌ಗೆ ಬದಲಿಯಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017 ಮತ್ತು 2019ರಲ್ಲಿ ಎಚ್ಚರಿಸಿದೆ. ಇಂಥ ಪರೀಕ್ಷೆಗಳಲ್ಲಿ ಬಳಸುವ ಕೃತಕ ಬುದ್ಧಿಮತ್ತೆಯನ್ನೇ ದೂರಬೇಕಿಲ್ಲ. ಸ್ವೀಡನ್‌ನಲ್ಲಿ ಒಂದು ಲಕ್ಷಕ್ಕೂ ಮೀರಿದ ಮಹಿಳೆಯರ ಅಧ್ಯಯನದಲ್ಲಿ ಮ್ಯಾಮೊಗ್ರಾಮ್ ಓದಲು ಅದರ ನೆರವು ಪಡೆದಾಗ ಶೇ 29ರಷ್ಟು ಹೆಚ್ಚು ಕ್ಯಾನ್ಸರ್ ಪತ್ತೆಯಾಯಿತು, ವೈದ್ಯರ ಓದುವ ಹೊರೆ ಶೇ 44ರಷ್ಟು ಇಳಿಯಿತು. ಅಲ್ಲಿ ಯಂತ್ರದ ಹಿಂದೆ ಮ್ಯಾಮೊಗ್ರಾಮ್, ತಜ್ಞರು, ಮರುಕರೆಯ ವ್ಯವಸ್ಥೆ ಎಲ್ಲವೂ ಮೊದಲೇ ಇತ್ತು. ಸರ್ಕಾರಿ ಶಿಬಿರಗಳಲ್ಲಿ ಇಂಥ ಪರೀಕ್ಷೆಗೆ ಅನುಮತಿ ಕೊಡುವ ಮೊದಲು ಪಾಸಿಟಿವ್ ಬಂದವರನ್ನು ಯಾವ ಆಸ್ಪತ್ರೆ, ಎಷ್ಟು ದಿನದೊಳಗೆ, ಯಾರ ಖರ್ಚಿನಲ್ಲಿ ನೋಡುತ್ತದೆ ಎಂಬುದನ್ನು ಲಿಖಿತವಾಗಿ ಪಡೆಯಿರಿ.

ನಂಬಿಕೆ ಹೇಗೆ ಒಡೆಯುತ್ತದೆ ಎಂಬುದಕ್ಕೆ ಪಕ್ಕದ ತೆಲಂಗಾಣದ ಖಮ್ಮಂ ಸಾಕ್ಷಿ. ಅಲ್ಲಿ ಮತ್ತು ವಡೋದರದಲ್ಲಿ 2009-10ರಲ್ಲಿ ಬಾಲಕಿಯರಿಗೆ ಎಚ್‌ಪಿವಿ ಲಸಿಕೆ ನೀಡಿದ ಯೋಜನೆಯಲ್ಲಿ ಪೋಷಕರ ಬದಲು ಹಾಸ್ಟೆಲ್ ವಾರ್ಡನ್‌ಗಳಿಂದ ಒಪ್ಪಿಗೆಗೆ ಸಹಿ ಹಾಕಿಸಲಾಗಿತ್ತು. ಬಾಲಕಿಯರ ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ತನಿಖೆ ಹೇಳಿದರೂ ಯೋಜನೆ ನಿಂತುಹೋಯಿತು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಟೀಕಿಸಿತು. ಒಳ್ಳೆಯ ಲಸಿಕೆಯೊಂದು ಈ ದೇಶದ ಹೆಣ್ಣುಮಕ್ಕಳಿಂದ ವರ್ಷಗಟ್ಟಲೆ ದೂರ ಉಳಿಯಲು ಆ ಸಹಿಗಳೂ ಕಾರಣ. ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ಒಪ್ಪಿಗೆಯಾಗುವುದಿಲ್ಲ. ಮಹಿಳೆ ಬೇಡ ಎಂದರೆ ಅದನ್ನೂ ಬರೆದುಕೊಳ್ಳಿ, ಅದರಿಂದ ಅವಳಿಗೆ ಸಿಗುವ ಬೇರೆ ಯಾವ ಸೌಲಭ್ಯವೂ ತಪ್ಪಬಾರದು.

2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಿಗೆ ಹೋಗುವ ದಾರಿಯನ್ನು ಆಗಲೇ ತೆರೆದಿದೆ. ಅದರ ಜೊತೆಗೆ ಎಚ್‌ಪಿವಿ ಮಾದರಿಯನ್ನು ಸೇರಿಸುವುದಾದರೆ ಮೊದಲು ಎರಡು ತಾಲ್ಲೂಕುಗಳಲ್ಲಿ ಮಾಡಿ. ನಮ್ಮ ಸಲಹೆ: ಕಲಬುರಗಿಯ ಒಂದು, ಕೊಡಗಿನ ಕಾಫಿ ತೋಟಗಳ ಒಂದು. ಒಂದು ಕಡೆ ಹಳೆಯ ಗಾಯ, ಇನ್ನೊಂದು ಕಡೆ ಊರೂರು ಅಲೆಯುವ ಕೂಲಿ ಹೆಂಗಸರು. ಇವೆರಡೂ ಕಡೆ ನಡೆದ ವ್ಯವಸ್ಥೆ ಬೇರೆಡೆಯೂ ನಡೆಯುತ್ತದೆ. ಬಿತ್ತನೆ, ಕೊಯ್ಲಿನ ವಾರಗಳನ್ನು ಬಿಟ್ಟು ದಿನ ಗೊತ್ತುಮಾಡಿ. ಶಾಖ ಚಿಕಿತ್ಸೆಯ ಉಪಕರಣ ಮತ್ತು ಅದನ್ನು ಬಳಸಬಲ್ಲ ವೈದ್ಯರು ತಾಲ್ಲೂಕು ಆಸ್ಪತ್ರೆಯಲ್ಲಿ ಸಿದ್ಧವಾಗುವವರೆಗೆ ಒಂದು ಕಿಟ್ ಕೂಡ ಹಂಚಬೇಡಿ. ಪಾಸಿಟಿವ್ ಬಂದು ಮಚ್ಚೆ ಕಾಣದವರಿಗೆ 24 ತಿಂಗಳ ನಂತರ, ಚಿಕಿತ್ಸೆ ಆದವರಿಗೆ 12 ತಿಂಗಳ ನಂತರ ಮರುಪರೀಕ್ಷೆ ಇದೆ. ಆ ದಿನಾಂಕವನ್ನು ಕಾರ್ಡಿನಲ್ಲಿ ಬರೆದು ಕೊಡಿ, ಬೇರೆ ಜಿಲ್ಲೆಯಲ್ಲಿ ತೋರಿಸಿದರೂ ನಡೆಯುವಂತೆ ಮಾಡಿ.

ಮೂರು ತಿಂಗಳಿಗೊಮ್ಮೆ ತಾಲ್ಲೂಕುವಾರು ಅಂಕಿಗಳನ್ನು ಪ್ರಕಟಿಸಿ. ಎಷ್ಟು ಮಾದರಿ ತೆಗೆದೆವು ಎಂಬುದೊಂದೇ ಬೇಡ. ಎಷ್ಟು ಮಾದರಿ ಕೆಟ್ಟವು, ಫಲಿತಾಂಶ ಎಷ್ಟು ದಿನಕ್ಕೆ ಮಹಿಳೆಯ ಕೈ ಸೇರಿತು, ಪಾಸಿಟಿವ್ ಬಂದವರಲ್ಲಿ ಎಷ್ಟು ಮಂದಿ 30 ದಿನದೊಳಗೆ ವೈದ್ಯರನ್ನು ಕಂಡರು, ಎಷ್ಟು ಮಂದಿಗೆ ಚಿಕಿತ್ಸೆ ಮುಗಿಯಿತು, ತಪಾಸಣೆಯ ನಂತರದ ವರ್ಷದಲ್ಲಿ ಆ ತಾಲ್ಲೂಕಿನ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ ಎಷ್ಟು ಗರ್ಭಕೋಶ ಶಸ್ತ್ರಚಿಕಿತ್ಸೆಗಳಾದವು. ಕೊನೆಯ ಅಂಕಿ ಏರಿದರೆ ಅಲ್ಲಿ ಕಾರ್ಯಕ್ರಮವನ್ನು ತಡೆದು ಕಾರಣ ಹುಡುಕಿ.

ಇಂತಿ ತಮ್ಮ ವಿಶ್ವಾಸಿಗಳು,
ಮಹಿಳೆಯರ ಕ್ಯಾನ್ಸರ್ ತಪಾಸಣೆಯ ಕೆಲಸದಲ್ಲಿ ತೊಡಗಿರುವ ವೈದ್ಯರು, ದಾದಿಯರು, ಪ್ರಯೋಗಾಲಯ ತಂತ್ರಜ್ಞರು ಮತ್ತು ಸಮುದಾಯ ಆರೋಗ್ಯ ಕಾರ್ಯಕರ್ತರು